ಮೂಡಗಾಳಿಯಲ್ಲಿ ಒಂದು ನಗು

ಜೋಳ ಹಾಲು ಹಿಡಿಯುವ ಹೊತ್ತಿಗೆ ನಮ್ಮೂರಿಗೆ ಮೂಡಗಾಳಿ ಬರುತ್ತದೆ. ಅದು ಬಂದ ದಿನದಿಂದ ಮುಂದಿನ ಮಳೆಗಾಲದ ಮೊದಲ ಗುಡುಗು ಕೇಳುವವರೆಗೆ ಊರಲ್ಲಿ ಯಾರ ಬಾಯಿಂದಲೂ ದನಿ ಹೊರಡುವುದಿಲ್ಲ. ನಾಯಿ ಬೊಗಳುತ್ತದೆ, ಆಡು ಒದರುತ್ತದೆ, ಕೊಡ ಬಿದ್ದರೆ ಸದ್ದಾಗುತ್ತದೆ. ಮನುಷ್ಯ ಮಾತ್ರ ಬಾಯಿ ತೆರೆದರೆ ಬರೀ ಉಸಿರು. ಅತ್ತರೂ ಅಷ್ಟೇ, ನಕ್ಕರೂ ಅಷ್ಟೇ. ಸೀಟಿ ಊದಿದರೂ ಕೇಳದು. ಹಳ್ಳದ ಸೇತುವೆ ದಾಟಿದರೆ ದನಿ ತಿರುಗಿ ಬರುತ್ತದೆ, ವಾಪಸು ಬಂದರೆ ಮತ್ತೆ ಹೋಗುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದೇನೂ ದೊಡ್ಡದಲ್ಲ. ಗಾಳಿಯ ತಿಂಗಳಲ್ಲಿ ಊರ ಹೊರಗೆ ಹೋಗುವವರು ಸೊಂಟಕ್ಕೆ ಒಂದು ಗಂಟೆ ಕಟ್ಟಿಕೊಂಡು ಹೋಗುತ್ತಾರೆ. ಮನೆಯೊಳಗೆ ಕೈಸನ್ನೆ ನಡೆಯುತ್ತದೆ, ಓದು ಬಲ್ಲವರು ಪಾಟಿಯ ಮೇಲೆ ಬರೆದು ತೋರಿಸುತ್ತಾರೆ.

ಒಂದು ಅನುಕೂಲವೆಂದರೆ, ಗಾಳಿಗೆ ಮೊದಲು ಹಿಡಿದಿಟ್ಟುಕೊಂಡ ದನಿ ಚೆನ್ನಾಗಿ ಕೇಳುತ್ತದೆ. ನನ್ನ ಅಂಗಡಿ ನಡೆಯುತ್ತಿದ್ದುದೇ ಅದರಿಂದ. ಹೆಸರಿಗೆ ಅದು ರೇಡಿಯೋ, ಮೊಬೈಲು ರಿಪೇರಿ ಮಾಡುವ ಜಾಗ. ಗಾಳಿ ಬರುವ ಮುಂಚಿನ ದಿನಗಳಲ್ಲಿ ಮಾತ್ರ ಬಾಗಿಲ ತುಂಬ ಜನ. ಹಾಲಿನವನು "ಹಾಲು, ಹಾಲು" ಎಂದು ಕೂಗಿ ಹೋಗುತ್ತಿದ್ದ. ಬಾಣಂತಿಯರು ಜೋಗುಳ ಹಾಡಿ ಹೋಗುತ್ತಿದ್ದರು. ಗುಡಿಯ ಮಂತ್ರ, ಮಸೀದಿಯ ಬಾಂಗು, ಶಾಲೆಯ ಮಗ್ಗಿ ಎಲ್ಲ ನನ್ನಲ್ಲೇ. ಗೌರವಾಯಿ ಎಂಬ ಮುದುಕಿ ವರ್ಷವರ್ಷವೂ ಸೊಸೆಯನ್ನು ಬೈದು, ಬೈಗುಳವನ್ನು ಫೋನಿಗೆ ತುಂಬಿಸಿಕೊಂಡು ಹೋಗುತ್ತಿದ್ದಳು. ಸೊಸೆ ಮರುದಿನ ಬಂದು ಅದಕ್ಕೆ ಉತ್ತರ ತುಂಬಿಸಿಕೊಂಡು ಹೋಗುತ್ತಿದ್ದಳು.

ಇವೆಲ್ಲಕ್ಕಿಂತ ಜನ ಕಾಯುತ್ತಿದ್ದುದು ನನ್ನ ಅಕ್ಕನ ಗಂಡನ ದನಿಗೆ. ಅಡಿವೆಪ್ಪ ಮಾಮಾ ಯಾತ್ರೆಯ ಬಸ್ಸಿನ ಡ್ರೈವರ್. ಬೇಸಿಗೆ, ಮಳೆಗಾಲವೆಲ್ಲ ಎಲ್ಲೆಲ್ಲಿಯದೋ ಜನರನ್ನು ತುಂಬಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿದ್ದರು. ಹೋದಲ್ಲೆಲ್ಲ ಏನಾದರೊಂದು ಫಜೀತಿ ಮಾಡಿಕೊಳ್ಳುತ್ತಿದ್ದರು. ಗಾಳಿಗೆ ಮೊದಲು ಊರಿಗೆ ಬಂದು, ಆ ವರ್ಷದ ಪ್ರವಾಸವನ್ನು ಹಾಳೆಗಳ ಮೇಲೆ ಬರೆದು, ನನ್ನ ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅದು ಒಂದೆರಡು ದಿನದ ಕೆಲಸ. ಆಮೇಲೆ ಮನೆಮನೆಯ ಫೋನಿಗೆ, ಚಾದಂಗಡಿಯ ಸ್ಪೀಕರಿಗೆ, ಫರಸಿ ಕಲ್ಲು ಸೀಳುವ ಶೆಡ್ಡುಗಳಿಗೆ ಅದೇ ಓದು. ಗಾಳಿಯ ತಿಂಗಳುಗಳನ್ನು ನಮ್ಮೂರು ದಾಟುತ್ತಿದ್ದುದು ಅದನ್ನು ಕೇಳಿಕೊಂಡೇ.

ಆ ವರ್ಷ ಓದಲು ಕೂತಾಗ ನನ್ನ ಅಕ್ಕ ಕಾಶವ್ವನೂ ಜೊತೆಗೆ ಬಂದಿದ್ದಳು. ಅವಳು ಬರಲೇಬೇಕಿತ್ತು. ಓದಿನ ನಡುವೆ ಯಾರಾದರೂ ನಗುವುದು ಕೇಳಿಸಿದರೆ ಜನಕ್ಕೆ ಸಮಾಧಾನ. ತಮ್ಮ ಪರವಾಗಿ ಯಾರೋ ನಕ್ಕಂತೆ. ಅಕ್ಕನ ನಗು ದೊಡ್ಡದು. ಶುರುವಾದರೆ ನಿಲ್ಲುತ್ತಿರಲಿಲ್ಲ.

"ನಿಜಗುಣಿ, ಚಾಲೂ ಐತೇನ?" ಎಂದರು ಮಾಮಾ, ಕನ್ನಡಕ ಒರೆಸಿಕೊಳ್ಳುತ್ತ.

"ಐತ್ರಿ ಮಾಮಾ. ಓದ್ರಿ."

"ಕಾಶವ್ವಾ, ಈ ಸಲ ನಟ್ಟನಡುವ ನಗಬ್ಯಾಡ. ಹೋದ ವರ್ಷ ನನ್ನ ಮಾತೆಲ್ಲ ನಿನ್ನ ನಗಿಯೊಳಗ ಮುಳುಗಿ ಹೋದ್ವು."

"ನೀವು ನಗಸಬ್ಯಾಡ್ರಿ, ನಾ ನಗೂದಿಲ್ಲ," ಎಂದಳು ಅಕ್ಕ.

ಮಾಮಾ ಓದತೊಡಗಿದರು. ಭಾಷೆ ಬಾರದ ಯಾವುದೋ ಊರು. ಲಾಡ್ಜಿನ ಮಾಲೀಕನಿಗೆ ಸ್ನಾನಕ್ಕೆ ಬಿಸಿನೀರು ಬೇಕೆಂದು ಹೇಳಬೇಕು. ಮಾಮಾ ಎರಡೂ ಕೈಯಿಂದ ತಲೆ ತಿಕ್ಕಿ ತೋರಿಸಿದರು. ಮಾಲೀಕ ಅರ್ಥವಾಯಿತೆಂದು ಕೈಮುಗಿದು ಹೋದ. ಸ್ವಲ್ಪ ಹೊತ್ತಿಗೆ ಬಂದವನು ಕ್ಷೌರದವನು. ಮುದುಕ, ಮೂರು ಮಹಡಿ ಏರಿ ಏದುಸಿರು ಬಿಡುತ್ತಿದ್ದ. "ಅಷ್ಟು ಮೆಟ್ಟಿಲು ಹತ್ತಿ ಬಂದ ಹಿರಿಯನಿಗೆ ಬೇಡವೆಂದು ಹೇಳುವುದು ಹೇಗೆ? ಕೂತೆ. ಎದ್ದಾಗ ನನ್ನ ತಲೆಯಲ್ಲಿ ಆ ಲಾಡ್ಜಿನ ಬಲ್ಬು ಕಾಣುತ್ತಿತ್ತು. ಆಮೇಲೆ ಅವನೇ ಬಿಸಿನೀರು ತಂದು ತಲೆ ತೊಳೆದ. ಒಟ್ಟಿನಲ್ಲಿ ಕೇಳಿದ್ದು ಸಿಕ್ಕಿತು."

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮಾಮಾ ಓದು ಮುಂದುವರಿಸಿದರು. ಬೋಳುತಲೆ ಹೊತ್ತು ಮನೆಗೆ ಬಂದು ಬಾಗಿಲು ತಟ್ಟಿದರೆ ಹೆಂಡತಿ ಅರ್ಧ ಬಾಗಿಲು ತೆರೆದು, "ಯಾವ ಮಠದವ್ರೀ? ನಮ್ಮನಿಯವ್ರು ಊರಾಗಿಲ್ಲ, ನಾಳೆ ಬರ್ರಿ" ಎಂದಳಂತೆ. ಅಲ್ಲಿಗೆ ಅಕ್ಕನ ಕೈಯಿಂದ ಸೆರಗು ಜಾರಿತು. ಅವಳ ನಗುವಿಗೆ ನಾನೂ ನಕ್ಕೆ, ಮಾಮಾನೂ ಹಾಳೆ ಕೆಳಗಿಟ್ಟು ನಕ್ಕರು. ಎಲ್ಲವೂ ಹಾಗೇ ತುಂಬಿಕೊಂಡಿತು. ನಾನು ಅಳಿಸಲಿಲ್ಲ.

ಹೊರಡುವಾಗ ಮಾಮಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಂದರು: "ಇನ್ನ ಗಾಳಿ ಹೋಗೂ ತನಕ ಊರೆಲ್ಲ ನಾನ ಮಾತಾಡ್ತೀನಿ ನೋಡ. ನನ್ನ ದನಿ ಇಲ್ಲದ ಓಣಿ ಒಂದೂ ಉಳಿಯೂದಿಲ್ಲ. ಹೊರಗ ಬಂದ್ರ ನಂಗ ನಾಚಿಕಿ ಆಗ್ತೈತಪಾ."

ಅದು ತಮಾಷೆಯ ಮಾತಲ್ಲ. ಗಾಳಿ ಬಂದ ಮೇಲೆ ಮಾಮಾ ನಿಜವಾಗಿಯೂ ಜನರಿಂದ ತಪ್ಪಿಸಿಕೊಳ್ಳುತ್ತಿದ್ದರು. ಚಾದಂಗಡಿಗೆ ಹೋದರೆ ಅವರ ದನಿಯೇ ಅವರನ್ನು ಎದುರುಗೊಳ್ಳುತ್ತಿತ್ತು. ಜನ ಅವರನ್ನು ನೋಡಿ ತಲೆ ತಿಕ್ಕಿ ತೋರಿಸಿ, ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದರು. ಅವರಿಗೆ ಉತ್ತರವಾಗಿ ಒಂದು ಮಾತು ಹೇಳಲು ಬಾರದು. ಆದ್ದರಿಂದ ಊಟವಾದ ಮೇಲೆ ಗಂಟೆ ಕಟ್ಟಿಕೊಂಡು ಊರ ಹೊರಗಿನ ಹಳೆಯ ಖಣಿಗಳ ಕಡೆಗೆ ನಡೆದುಬಿಡುವರು. ಕಲ್ಲು ತೆಗೆದು ಬಿಟ್ಟ ಗುಂಡಿಗಳು ಅವು, ಮನೆಯಷ್ಟು ಆಳ, ತಳದಲ್ಲಿ ಹಸಿರು ನೀರು. ಅಂಚಿನಲ್ಲಿ ಕೂತು ಬೀಡಿ ಸೇದಿ, ಹೊತ್ತು ಮುಳುಗುವ ಮೊದಲು ಮನೆಗೆ ಬರುತ್ತಿದ್ದರು.

ಒಂದು ದಿನ ಬರಲಿಲ್ಲ.

ಅಕ್ಕ ಮೊದಲು ಹೆದರಲಿಲ್ಲ. ಬಸ್ಸಿನ ಮಾಲೀಕ ಎಲ್ಲಾದರೂ ಕರೆದಿರಬೇಕು, ಸೇತುವೆ ದಾಟಿ ಹೋಗಿರಬೇಕು ಎಂದುಕೊಂಡಳು. ಬೆಳಗಾದರೂ ಸುದ್ದಿ ಇಲ್ಲದಿದ್ದಾಗ ಹುಡುಕಲು ಹೊರಟಳು. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಗೌರವಾಯಿಯ ಮನೆಗೆ ಹೋದಳು. ಒಳಗಿನಿಂದ ಗಂಡನ ದನಿ ಕೇಳಿ ಅವಳ ಎದೆ ಒಮ್ಮೆ ಹಗುರಾಯಿತಂತೆ. ಆಮೇಲೆ ನೆನಪಾಯಿತು. ಅತ್ತೆ ಸೊಸೆ ಇಬ್ಬರೂ ಫೋನಿನ ಮುಂದೆ ಕೂತು ನಗುತ್ತಿದ್ದರು. ಅಕ್ಕ ಕೊರಳ ತಾಳಿ ಹಿಡಿದು ತೋರಿಸಿ, ಅಂಗೈ ಮೇಲೆ ಮಾಡಿ, ಎಲ್ಲಿ ಎಂದು ಕೇಳಿದಳು. ಗೌರವಾಯಿ ನಗುತ್ತಲೇ ಫೋನಿನ ಕಡೆಗೆ ಬೆರಳು ಮಾಡಿದಳು. ಇಲ್ಲೇ ಇದ್ದಾನಲ್ಲ, ಬಾ, ಕೂತುಕೋ ಎಂದು ಚಾಪೆ ಸರಿಸಿದಳು.

ಮುಂದಿನ ಮನೆಯಲ್ಲೂ ಹಾಗೇ ಆಯಿತು. ಅದರ ಮುಂದಿನ ಮನೆಯ ಫೋನಿನಲ್ಲಿ ಮಾಮಾ ದೇವರ ದರ್ಶನದ ಸಾಲೆಂದು ತಿಳಿದು ಅರ್ಧ ದಿನ ನಿಂತಿದ್ದರು. ಸಾಲಿನ ತುದಿಯಲ್ಲಿ ನರ್ಸು ಅವರ ರಟ್ಟೆಗೆ ಸೂಜಿ ಚುಚ್ಚಿ ಕಳಿಸಿದ್ದಳು. ಮನೆಯವರು ಕಣ್ಣೀರು ಬರುವಂತೆ ನಗುತ್ತಿದ್ದರು. ಅಕ್ಕನ ಕಣ್ಣೀರನ್ನೂ ಅದೇ ಎಂದು ತಿಳಿದರು. ಒಂದು ಮನೆಯಲ್ಲಿ ಅವಳಿಗೆ ಚಾ ಕೊಟ್ಟರು. ಹೀಗೆ ಓಣಿಯುದ್ದಕ್ಕೂ ಒಂದೊಂದು ಬಾಗಿಲಲ್ಲಿ ಒಂದೊಂದು ಊರಿನಲ್ಲಿದ್ದ ಗಂಡನನ್ನು ಕೇಳಿಸಿಕೊಳ್ಳುತ್ತ ಅವಳು ನನ್ನ ಅಂಗಡಿಗೆ ಬಂದು ತಲುಪಿದಳು. ಬಂದವಳೇ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. ಅವಳ ಮುಖ ನೋಡಿದ ಮೇಲೆ ನಾನು ಬೇರೆ ಏನೂ ಕೇಳಲಿಲ್ಲ.

ಹಲಗೆ ಬಾರಿಸಿ ಜನರನ್ನು ಚಾದಂಗಡಿಯ ಮುಂದೆ ಸೇರಿಸಿದೆವು. ಪಾಟಿಯ ಮೇಲೆ ಬರೆದು ತೋರಿಸಿದೆ: ಮಾಮಾ ನಿನ್ನೆಯಿಂದ ಇಲ್ಲ. ಆಗ ಎಲ್ಲರ ಮುಖ ಇಳಿಯಿತು. ಹುಡುಕಲು ನಾಲ್ಕು ದಿಕ್ಕಿಗೂ ಓಡಲು ಸಿದ್ಧರಾದರು. ಆದರೆ ಅಕ್ಕ ಯಾರನ್ನೂ ಬಿಡಲಿಲ್ಲ. ಎರಡೂ ಕಿವಿಗೆ ಅಂಗೈ ಇಟ್ಟು ತೋರಿಸಿದಳು. ಯಾರಿಗೂ ತಿಳಿಯಲಿಲ್ಲ. ನಮ್ಮ ಕೈಸನ್ನೆಯಲ್ಲಿ ಊಟಕ್ಕೆ, ನೀರಿಗೆ, ಜ್ವರಕ್ಕೆ, ಸಿಟ್ಟಿಗೆ ಎಲ್ಲಕ್ಕೂ ಗುರುತಿದೆ. ಸುಮ್ಮನಿರಿ ಎನ್ನುವುದಕ್ಕೆ ಇಲ್ಲ. ಗಾಳಿಯ ತಿಂಗಳಲ್ಲಿ ಅದನ್ನು ಯಾರು ಯಾರಿಗೆ ಹೇಳಬೇಕು? ಅಕ್ಕ ಎರಡು ಸಲ ಮಾಡಿ ತೋರಿಸಿ, ಮೂರನೆಯ ಸಲ ಚಾದಂಗಡಿಗೆ ನುಗ್ಗಿದಳು. ಶೆಲ್ಫಿನ ಮೇಲೆ ಮಾಮಾ ಮಾತಾಡುತ್ತಲೇ ಇದ್ದರು. ಅವಳು ಸ್ಪೀಕರನ್ನು ವೈರಿನ ಸಮೇತ ಕಿತ್ತು, ಲೋಟ ತೊಳೆಯುವ ಬಾನಿಯ ನೀರಿನೊಳಗೆ ಅದ್ದಿ ಹಿಡಿದಳು. ಗುಳುಗುಳು ಎಂದು ಮಾಮಾನ ದನಿ ನಿಂತಿತು. ಅವಳು ಮುಂಗೈಯಿಂದ ಮುಖದ ನೀರು ಒರೆಸಿಕೊಂಡು ಜನರ ಕಡೆಗೆ ತಿರುಗಿದಳು.

ಆಗ ತಿಳಿಯಿತು. ಜನ ಮನೆಮನೆಗೆ ಓಡಿ ಎಲ್ಲವನ್ನೂ ನಿಲ್ಲಿಸಿದರು. ಫೋನು ನಿಂತವು, ಹಾಲಿನವನ ಕೂಗು ನಿಂತಿತು, ಗುಡಿಯದೂ ಮಸೀದಿಯದೂ ನಿಂತಿತು. ಕೊನೆಗೆ ಊರಾಚೆ ಕಲ್ಲು ಸೀಳುವ ಶೆಡ್ಡಿನ ದೊಡ್ಡ ಸ್ಪೀಕರು ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಹಿಂದೆ ಕೇಳಿರಲಿಲ್ಲ. ನಮ್ಮ ನಮ್ಮ ಉಸಿರು ನಮಗೇ ದೊಡ್ಡದಾಗಿ ಕೇಳುತ್ತಿತ್ತು. ಎಲ್ಲರೂ ನಿಂತಲ್ಲೇ ನಿಂತಿದ್ದೆವು. ಬಹಳ ಹೊತ್ತಾದ ಮೇಲೆ ಖಣಿಗಳ ಕಡೆಯಿಂದ ಕಲ್ಲಿಗೆ ಕಲ್ಲು ತಾಗುವ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಟಕ್. ಅಕ್ಕ ಓಡತೊಡಗಿದಳು.

ಶೆಡ್ಡಿನ ಹಿಂದಿನ ಖಣಿಯಲ್ಲಿ ಸಿಕ್ಕರು. ಶೆಡ್ಡಿನ ಹೆಂಗಸರು ಕೂತು ಕೆಲಸ ಮಾಡುವ ಜಾಗಕ್ಕೂ ಆ ಗುಂಡಿಗೂ ನಡುವೆ ಒಂದು ಜಾಲಿ ಬೇಲಿ, ಅಷ್ಟೇ. ಅಂಚಿನ ಕಲ್ಲು ಸಡಿಲಾಗಿ ಮಾಮಾನ ಜೊತೆಗೇ ಕೆಳಗೆ ಹೋಗಿತ್ತು. ಸೊಂಟದ ಗಂಟೆ ನೀರಿನ ಪಾಲಾಗಿತ್ತು. ಅರ್ಧ ದೇಹ ನೀರಿನಲ್ಲಿ, ಅರ್ಧ ಕಲ್ಲಿನ ಮೇಲೆ ಬಿದ್ದುಕೊಂಡು, ಕೈಗೆ ಸಿಕ್ಕ ಕಲ್ಲಿನ ಚೂರಿನಿಂದ ಬಂಡೆಗೆ ಹೊಡೆಯುತ್ತಿದ್ದರು. ನಿನ್ನೆಯಿಂದ ಹೊಡೆಯುತ್ತಿದ್ದರು. ಮೇಲೆ ಶೆಡ್ಡಿನಲ್ಲಿ ಅವರ ಪ್ರವಾಸವೇ ನಡೆಯುತ್ತಿತ್ತು.

ಹಗ್ಗ ಕಟ್ಟಿ ಮಂಚದ ಮೇಲೆ ಮಲಗಿಸಿ ಮೇಲೆತ್ತಿದೆವು. ಡಾಕ್ಟರು ಬಂದು ನೋಡಿದರು. ಬೆನ್ನು ಮುರಿದಿದೆ, ಒಳಗೂ ಏನೋ ಒಡೆದಿದೆ ಎಂದು ಬರೆದರು. ಗಾಡಿಯಲ್ಲಿ ಹಾಕಿ ದೊಡ್ಡಾಸ್ಪತ್ರೆಗೆ ಒಯ್ದರೆ ದಾರಿಯ ಕುಲುಕಾಟಕ್ಕೆ ಉಳಿಯುವುದಿಲ್ಲ. ಅಲುಗಿಸದೆ ಇಟ್ಟರೆ ನೋಡಬಹುದು. ನಾನು ಅದನ್ನು ಅಕ್ಕನಿಗೆ ಕೈಯಿಂದ ಹೇಳಿದೆ. ಸೇತುವೆಯ ಮಾತನ್ನೂ ಹೇಳಿದೆ. ಸೇತುವೆ ದಾಟಿಸಿದರೆ ಅವರಿಗೆ ದನಿ ಬರುತ್ತದೆ, ಏನಾದರೂ ಹೇಳುವುದಿದ್ದರೆ ಹೇಳಬಹುದು. ಆದರೆ ಅಲ್ಲಿಂದ ಮುಂದೆ ಜೀವ ಎಷ್ಟು ದೂರ ತಡೆದೀತೋ. ಅಕ್ಕ ಮಾಮಾನ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ತಲೆಯಾಡಿಸಿ ಬೇಡವೆಂದಳು. ಇಲ್ಲೇ ಇರಲಿ, ಬದುಕಲಿ ಎಂದು ಕೈಮುಗಿದಳು.

ಸಂಜೆ ಮಾಮಾನಿಗೆ ಚೆನ್ನಾಗಿ ಎಚ್ಚರವಾಯಿತು. ಅಕ್ಕ ತಲೆಯ ಬಳಿ ಕೂತು ಹತ್ತಿಯಿಂದ ತುಟಿಗೆ ನೀರು ಹಚ್ಚುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಮಾಮಾ ಅವಳನ್ನು ನೋಡಿ ಏನೋ ಹೇಳತೊಡಗಿದರು. ತುಟಿ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು, ಮುಖ ಪೂರ್ತಿ ಕಾಣುತ್ತಿರಲಿಲ್ಲ. ಪಾಟಿ ಕೊಡೋಣವೆಂದರೆ ಹಿಡಿದು ಬರೆಯುವ ಶಕ್ತಿ ಅವರ ಬೆರಳಲ್ಲಿ ಇರಲಿಲ್ಲ. ನೋಡುತ್ತಿದ್ದಂತೆ ಅಕ್ಕನ ಭುಜ ಕುಣಿಯಿತು. ಅವಳು ನಗುತ್ತಿದ್ದಳು. ಸೆರಗನ್ನು ಬಾಯಿಗಿಟ್ಟುಕೊಂಡು, ಯಾವಾಗಲೂ ನಗುವಂತೆಯೇ. ಮಾಮಾ ಹಾಸಿಗೆಯ ಮೇಲಿನಿಂದ ಕೈ ಸ್ವಲ್ಪ ಎತ್ತಿ ಆಡಿಸಿದರು. ಕಾಲು ಜಾರಿದ್ದು, ಗುಂಡಿಗೆ ಬಿದ್ದದ್ದು, ಮೇಲಿನಿಂದ ತಮ್ಮ ದನಿಯೇ ತಮಗೆ ಕಥೆ ಹೇಳಿದ್ದು, ಎಲ್ಲ ಆ ಕೈಯಲ್ಲಿ ನನಗೂ ತಿಳಿಯಿತು. ತಲೆ ತಿಕ್ಕಿಕೊಂಡು ಕ್ಷೌರದವನನ್ನೂ ಕರೆದರು. ಅಕ್ಕ ನಕ್ಕಳು. ನನಗೂ ನಗು ಬಂತು. ಇಷ್ಟು ತಮಾಷೆ ಮಾಡುವ ಮನುಷ್ಯ ಖಂಡಿತ ಬದುಕುತ್ತಾನೆ ಎಂದುಕೊಂಡು ನಾನು ಚಾ ಕುಡಿಯಲು ಎದ್ದು ಹೋದೆ.

ಮರುದಿನ ನಸುಕಿನಲ್ಲಿ ಮಾಮಾ ತೀರಿಕೊಂಡರು.

ಗಾಳಿಯ ತಿಂಗಳಲ್ಲಿ ಸತ್ತವರನ್ನು ನಮ್ಮಲ್ಲಿ ಸದ್ದಿಲ್ಲದೆ ಮಣ್ಣು ಮಾಡುತ್ತೇವೆ. ಅಳುವುದು ಬಾಕಿ ಉಳಿಯುತ್ತದೆ. ಮೊದಲ ಗುಡುಗು ಕೇಳಿದ ದಿನ ನೆಂಟರಿಷ್ಟರು, ಓಣಿಯ ಹೆಂಗಸರು ಆ ಮನೆಗೆ ಬಂದು ಕೂತು ಬಾಕಿ ಉಳಿದ ಅಳುವನ್ನು ಅತ್ತು ಹೋಗುತ್ತಾರೆ. ಅಲ್ಲಿಯವರೆಗೆ ಅಕ್ಕ ಮನೆಯಲ್ಲೇ ಇದ್ದಳು. ಊರವರು ಮಾಮಾನ ಓದನ್ನು ಮತ್ತೆ ಹಾಕಲಿಲ್ಲ. ಆ ವರ್ಷದ ಉಳಿದ ದಿನಗಳನ್ನು ಮಗ್ಗಿ ಕೇಳಿಕೊಂಡು, ಹಾಲಿನವನ ಕೂಗು ಕೇಳಿಕೊಂಡು ಕಳೆದೆವು. ನನ್ನ ಅಂಗಡಿಯ ಮುಂದೆ ಹೋಗುವವರು ಒಳಗೆ ನೋಡುತ್ತಿರಲಿಲ್ಲ.

ಗುಡುಗಿದ್ದು ಒಂದು ಮಧ್ಯಾಹ್ನ. ಮೋಡ ಕಪ್ಪಾಗಿ ನಿಂತಿತ್ತು, ಒಮ್ಮೆಲೇ ನೆಲ ಅದುರುವಂತೆ ಗುಡುಗಿತು. ಮರುಕ್ಷಣವೇ ಊರಿಗೆ ಊರೇ ಕೂಗಿಕೊಂಡಿತು. ಮಕ್ಕಳು ಬೀದಿಗಿಳಿದು ತಮ್ಮ ತಮ್ಮ ಹೆಸರನ್ನೇ ಒದರುತ್ತ ಓಡಾಡಿದವು. ಗಂಡಸರು ಸುಮ್ಮಸುಮ್ಮನೆ ಜಗಳ ತೆಗೆದರು. ನಾನು ಅಕ್ಕನ ಮನೆಗೆ ಹೋದೆ. ಆಗಲೇ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಗೌರವಾಯಿ ಅಳು ತೆಗೆದಳು: "ಅಯ್ಯ ನಮ್ಮಪ್ಪಾ, ಊರೆಲ್ಲಾ ನಗಿಸಿ ಹ್ವಾದೆಲ್ಲೋ, ನಿನ್ನ ಹೇಂತಿನ್ನ ಚಾಪಿ ಮ್ಯಾಲ ಕುಂದ್ರಿಸಿ ನಾ ನಕ್ಕೆನೋ!" ಉಳಿದವರು ದನಿಗೂಡಿಸಿದರು. ಎಲ್ಲರೂ ಅಕ್ಕನ ಕಡೆಗೆ ನೋಡುತ್ತಿದ್ದರು. ಅವಳು ಅಳಲಿಲ್ಲ. ಅವರ ಅಳು ಒಂದು ಸುತ್ತು ಮುಗಿಯುವವರೆಗೆ ಕಾದು, "ಸಾಕ್ರವಾ. ಗಂಟಲ ಒಣಗಿರ್ತೈತಿ, ಚಾ ಮಾಡೀನಿ," ಎಂದಳು. ಎಷ್ಟೋ ತಿಂಗಳ ಮೇಲೆ ಕೇಳಿದ ಅವಳ ದನಿ ಒರಟಾಗಿತ್ತು.

ಶೆಡ್ಡಿನಲ್ಲಿ ಕಲ್ಲು ಸೀಳುವ ಮಹಬೂಬಿ ಬಾಗಿಲ ಹೊರಗೇ ನಿಂತಿದ್ದಳು. ಅಕ್ಕ ಅವಳಿಗೆ ಚಾ ಒಯ್ದು ಕೊಟ್ಟಳು. ಅವಳು ಲೋಟ ಹಿಡಿಯಲಿಲ್ಲ.

"ಅಕ್ಕಾ, ಆ ಟಕ್ ಟಕ್ ನಂಗ ಕೇಳಿತ್ತು," ಎಂದಳು. "ಅವತ್ತ ಮುಂಜಾನಿನೂ ಕೇಳಿತ್ತು. ಅಣ್ಣಾರ ಕಥ್ಯಾಗ ಯಾರೋ ಮೊಳಿ ಹೊಡ್ಯಾಕತ್ತಾರ ಅನ್ಕೊಂಡೆ. ದನಿ ಇನ್ನೂ ಸ್ವಲ್ಪ ದೊಡ್ಡದು ಮಾಡ್ರಿ ಅಂತ ನಾನ ಕೈ ಮಾಡಿದೆ. ನಂಗ ಬೈರಿ. ಯಾರೂ ಬೈಯ್ಯೂದಿಲ್ಲ ನಂಗ."

"ನಿಂಗ್ಯಾಕ ಬೈಲಿ? ಚಾ ಆರ್ತೈತಿ, ಕುಡಿ," ಎಂದಳು ಅಕ್ಕ. ಅವಳು ಕುಡಿಯುವವರೆಗೂ ಎದುರಿಗೆ ನಿಂತಿದ್ದಳು.

ಜನ ಹೋದ ಮೇಲೆ ಮಳೆ ಹಿಡಿಯಿತು. ಅಕ್ಕ ಲೋಟಗಳನ್ನು ತೊಳೆಯುತ್ತಿದ್ದಳು. ನಾನು ಒರೆಸಿ ಇಡುತ್ತಿದ್ದೆ. ನಾನು ಏನಾದರೂ ಮಾತಾಡುವ ಮೊದಲೇ ಅವಳು ಕೇಳಿದಳು.

"ತಮ್ಮಾ, ಅವತ್ತು ಸಂಜಿಮುಂದ ನೀ ಬಾಗಲಾಗ ನಿಂತಿದ್ದಿ. ನಿಮ್ಮ ಮಾಮಾ ಏನ ಹೇಳಿದ್ರು, ನಿಂಗ ತಿಳೀತೇನ?"

"ಬಿದ್ದದ್ದನ್ನ ಹೇಳಿದ್ರಲ್ಲಕ್ಕಾ, ತಮಾಷಿ ಮಾಡಿ. ಕೈಲೆ ಮಾಡಿ ತೋರಸಾಕತ್ತಿದ್ರಲ್ಲ. ನೀನೂ ನಕ್ಕಿ."

"ಅದು ಆಮ್ಯಾಲಿನ ಮಾತು." ಅವಳು ಕೈಯಲ್ಲಿದ್ದ ಲೋಟವನ್ನು ತೊಳೆದೇ ತೊಳೆದಳು. "ಮೊದಲ ಕೈ ಎತ್ತಲಿಲ್ಲ ಅವರು. ಬರೇ ತುಟಿ ಅಲುಗತಿದ್ವು. ಒಂದ ಮಾತ ತಿರುಗಿ ತಿರುಗಿ ಹೇಳತಿದ್ರು. ಇಷ್ಟು ವರ್ಷ ಅವರ ಮಾತ ಕೇಳಿದಾಕಿ ನಾನು, ಆ ತುಟಿ ನೋಡಿ ನಂಗ ಏನೂ ತಿಳೀಲಿಲ್ಲ ತಮ್ಮಾ. ನೋವಾಗ್ತೈತಿ ಅಂದ್ರೋ, ಸೇತುವಿ ದಾಟಸು ಅಂದ್ರೋ, ನನ್ನ ಹೆಸರಽ ಕರದ್ರೋ. ತಿಳೀಲಿಲ್ಲ ಅಂತ ತೋರಿಸಿದ್ರ ಅವರ ಜೀವಕ್ಕ ಕೆಡಕ ಅನಸ್ತೈತಿ ಅಂತ ಅಂಜಿದೆ. ಅವರ ಮಾತಿಗೆ ನಾ ಮಾಡೂದು ಒಂದ ಅಲ್ಲೇನು? ನಕ್ಕಬಿಟ್ಟೆ."

ಮಾಳಿಗೆಯ ಮೇಲೆ ಮಳೆ ಜೋರಾಯಿತು. ಬೀದಿಯಲ್ಲಿ ಮಕ್ಕಳು ಇನ್ನೂ ಕಿರುಚುತ್ತಿದ್ದವು.

"ಅವರು ಸುಮ್ಮನಾದ್ರು," ಎಂದಳು ಅಕ್ಕ. "ಸುಮ್ಮನ ನನ್ನ ಮಾರಿ ನೋಡಿದ್ರು. ಭಾಳ ಹೊತ್ತು ನೋಡಿದ್ರು. ನಾ ನಗಾಕತ್ತೀನಿ ಅಂತ ಕಂಡ ಮ್ಯಾಲ, ಹೇಳೂದನ್ನ ಅಲ್ಲಿಗೇ ಬಿಟ್ಟು ನನ್ನ ನಗಸಾಕ ನಿಂತ್ರು."